ಎರಡು ವಿಹಾರನೌಕೆಗಳು: ಒಂದು ತುಲನೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಎರಡು ವಸ್ತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ, ಇದು ಮೇಲು, ಅದು ಕೀಳು ಎಂದು ತೀರ್ಪು ಕೊಡುವುದು ನಮಗೆಲ್ಲ ಬಾಲ್ಯದಿಂದ ಬಂದ ಅಭ್ಯಾಸ. ಪರೀಕ್ಷೆಯಲ್ಲಿಯೂ ‘ತುಲನೆ ಮಾಡಿ’ ಎಂಬ ಪ್ರಶ್ನೆ ತಪ್ಪುವುದಿಲ್ಲ. ನಾವು ಪುಟದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ನಾಲ್ಕು ಅಂಶ, ಬಲಕ್ಕೆ ನಾಲ್ಕು ಅಂಶ ಬರೆದು ಅಂಕ ಗಳಿಸುತ್ತೇವೆ. ಆದರೆ ಹಾಗೆ ಗೆರೆ ಎಳೆದ ಮಾತ್ರಕ್ಕೆ ಆಯ್ಕೆಯ ಪ್ರಶ್ನೆ ಬಗೆಹರಿಯುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ತರಗತಿಯಲ್ಲಲ್ಲ. ಹಡಗಿನಲ್ಲಿ ಕೆಲಸಮಾಡುವ ನನ್ನ ಅಣ್ಣನಿಂದ.

ಅಣ್ಣನು ಒಂದು ವಿಹಾರನೌಕೆಯಲ್ಲಿ ಪ್ರಯಾಣಿಕರ ಕೋಣೆಗಳನ್ನು ಗುಡಿಸಿ ಓರಣಗೊಳಿಸುವ ಕೆಲಸದಲ್ಲಿದ್ದಾನೆ. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ, ಉಳಿದ ದಿನ ಮನೆಯಲ್ಲಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅದಕ್ಕೆ ಬೇಕಾದ ಹಣ ಬಂದದ್ದು ಅವನ ಸಂಬಳದಿಂದ. ಕಳೆದ ಸಲ ಅವನು ರಜೆಯ ಮೇಲೆ ಬಂದಾಗ ಎರಡು ಪ್ರಸಿದ್ಧ ಹಡಗುಗಳ ಚಿತ್ರವನ್ನು ತೋರಿಸಿ, “ಅಣ್ಣಾ, ಇವುಗಳಲ್ಲಿ ಯಾವುದು ಒಳ್ಳೆಯದು?” ಎಂದು ಕೇಳಿದೆ. ಎರಡರಲ್ಲಿ ಯಾವುದೂ ಅವನು ಕೆಲಸಮಾಡುವ ಹಡಗಲ್ಲ. ಅವನು ಚಿತ್ರವನ್ನು ಸರಿಯಾಗಿ ನೋಡದೆಯೇ, “ಯಾರಿಗೆ?” ಎಂದ. ಈ ಒಂದೇ ಮಾತು ನನ್ನನ್ನು ಬಹುದಿನ ಯೋಚನೆಗೆ ಹಚ್ಚಿತು. ಅದರ ಫಲವೇ ಈ ಲೇಖನ.

ಸಾವಿರಾರು ಮೈಲಿ ದೂರದ ಭೋಗದ ಹಡಗುಗಳ ವಿಚಾರ ನಮ್ಮಂಥವರಿಗೇಕೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಇಂಥ ಹಡಗುಗಳ ಸಂಬಳದಿಂದ. ಅಲ್ಲದೆ, ಸರಿಯಾಗಿ ಆರಿಸುವ ವಿದ್ಯೆ ಹಡಗಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಆ ಎರಡು ಹಡಗುಗಳಲ್ಲಿ ಒಂದರ ಹೆಸರು ‘ಕ್ವೀನ್ ಮೇರಿ ೨’. ಮತ್ತೊಂದರದು ‘ಐಕಾನ್ ಆಫ್ ದ ಸೀಸ್’. ಮೊದಲನೆಯದು ಫ್ರಾನ್ಸ್ ದೇಶದ ಸೇಂಟ್ ನಜೇರ್‌ನಲ್ಲಿ ನಿರ್ಮಾಣವಾಗಿ ೨೦೦೪ರ ಜನವರಿಯಲ್ಲಿ ಮೊದಲ ಯಾನಕ್ಕೆ ಹೊರಟಿತು. ಉದ್ದ ೩೪೫ ಮೀಟರ್, ಪ್ರಯಾಣಿಕರು ೨,೬೯೧. ಎರಡನೆಯದು ಫಿನ್ಲೆಂಡಿನ ತುರ್ಕು ನಗರದಲ್ಲಿ ನಿರ್ಮಾಣವಾಗಿ ೨೦೨೪ರ ಜನವರಿ ೨೭ರಂದು ಅಮೆರಿಕದ ಮಯಾಮಿ ಬಂದರಿನಿಂದ ಮೊದಲ ಯಾನವನ್ನು ಆರಂಭಿಸಿತು. ಉದ್ದ ಸುಮಾರು ೩೬೫ ಮೀಟರ್. ಕೋಣೆಗೆ ಇಬ್ಬರಂತೆ ಎಣಿಸಿದರೆ ಪ್ರಯಾಣಿಕರು ೫,೬೧೦. ಒಂದರ ಹಿಂದೆ ಒಂದು ನಿಲ್ಲಿಸಿದರೆ ಉದ್ದದಲ್ಲಿ ಅಂತರವು ಇಪ್ಪತ್ತೇ ಮೀಟರ್. ಜನಸಂಖ್ಯೆಯಲ್ಲಿ ಮಾತ್ರ ಒಂದಕ್ಕೆ ಎರಡು. ಈ ವ್ಯತ್ಯಾಸದ ಕಾರಣವನ್ನು ತಿಳಿಯಬೇಕಾದರೆ ಇವುಗಳ ವಂಶವೃತ್ತಾಂತವನ್ನು ಸ್ವಲ್ಪ ನೋಡಬೇಕು.

ಹಿಂದೆ ಯೂರೋಪಿನಿಂದ ಅಮೆರಿಕಕ್ಕೆ ಹೋಗಲು ಹಡಗಲ್ಲದೆ ಬೇರೆ ದಾರಿ ಇರಲಿಲ್ಲ. ಗೊತ್ತಾದ ದಿನ ಗೊತ್ತಾದ ಬಂದರಿನಿಂದ ಹೊರಟು, ಮಳೆಯಿರಲಿ ಬಿರುಗಾಳಿಯಿರಲಿ, ಗೊತ್ತಾದ ಇನ್ನೊಂದು ಬಂದರನ್ನು ಸೇರುವ ಹಡಗಿಗೆ ‘ಲೈನರ್’ ಎಂದು ಹೆಸರು. ಕ್ಯುನಾರ್ಡ್ ಕಂಪನಿಯ ‘ಬ್ರಿಟಾನಿಯಾ’ ಎಂಬ ಹಡಗು ೧೮೪೦ರಲ್ಲಿ ಲಿವರ್‌ಪೂಲಿನಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ ಈ ಸಂಪ್ರದಾಯಕ್ಕೆ ನಾಂದಿ ಹಾಡಿದವುಗಳಲ್ಲಿ ಒಂದು. ೧೯೫೮ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕನ್ನು ದಾಟತೊಡಗಿದವು. ವಾರದ ದಾರಿ ಕೆಲವೇ ಗಂಟೆಗಳದಾಯಿತು. ಹತ್ತು ವರ್ಷ ಕಳೆಯುವುದರೊಳಗೆ, ೧೯೬೭ರಲ್ಲಿ, ಹಳೆಯ ‘ಕ್ವೀನ್ ಮೇರಿ’ಯೇ ನಿವೃತ್ತವಾಯಿತು. ಆ ಮೇಲೆ ಬೆಳೆದದ್ದು ವಿಹಾರನೌಕೆಗಳ ಸಂತತಿ: ಹೊರಟ ಬಂದರಿಗೇ ಹಿಂತಿರುಗುವ, ಊರು ಸೇರುವುದಕ್ಕಲ್ಲದೆ ಸುಖವಾಗಿ ಕಾಲ ಕಳೆಯುವುದಕ್ಕೆಂದೇ ಕಟ್ಟಿದ ಹಡಗುಗಳು. ‘ಐಕಾನ್’ ಈ ಹೊಸ ಸಂತತಿಯದು. ‘ಕ್ವೀನ್ ಮೇರಿ ೨’ ಹಳೆಯ ಕುಲದ ಕುಡಿ; ಈಗಲೂ ಇಂಗ್ಲೆಂಡಿನ ಸೌತಾಂಪ್ಟನ್ನಿಗೂ ನ್ಯೂಯಾರ್ಕಿಗೂ ನಡುವೆ ಏಳು ರಾತ್ರಿಗಳ ಯಾನವನ್ನು ನಡೆಸುತ್ತಿದೆ. ಅದು ಬೇರೆ ವಿಹಾರಯಾನಗಳನ್ನೂ ಮಾಡುವುದುಂಟು. ನಾನು ಇಲ್ಲಿ ಅಟ್ಲಾಂಟಿಕ್ ಯಾನವನ್ನು ಮಾತ್ರ ಗಮನದಲ್ಲಿಟ್ಟುಕೊಂಡಿದ್ದೇನೆ.

ಮೊದಲನೆಯ ಅಂಶ, ಗಾತ್ರ. ಹಡಗುಗಳನ್ನು ಹೊಗಳುವವರು ‘ಇಷ್ಟು ಲಕ್ಷ ಟನ್ನು’ ಎಂದು ಹೇಳುವುದು ವಾಡಿಕೆ. ‘ಐಕಾನ್’ ೨,೪೮,೬೬೩, ‘ಕ್ವೀನ್ ಮೇರಿ ೨’ ಸುಮಾರು ೧,೪೯,೦೦೦. ೧೯೧೨ರಲ್ಲಿ ಮುಳುಗಿದ ‘ಟೈಟಾನಿಕ್’ ೪೬,೩೨೮. ನಾನು ಇದನ್ನು ಹಡಗಿನ ತೂಕವೆಂದೇ ನಂಬಿದ್ದೆ. ಅದು ತಪ್ಪು. ‘ಗ್ರಾಸ್ ಟನ್ನೇಜ್’ ಎಂಬುದು ತೂಕವಲ್ಲ. ಹಡಗಿನೊಳಗೆ ಗೋಡೆ, ಸೂರುಗಳಿಂದ ಆವೃತವಾದ ಸ್ಥಳದ ಅಳತೆ. ಹಿಂದೆ ಒಂದು ಹಡಗಿನಲ್ಲಿ ದ್ರಾಕ್ಷಾರಸದ ಎಷ್ಟು ದೊಡ್ಡ ಪೀಪಾಯಿಗಳು ಹಿಡಿಸುತ್ತವೆ ಎಂದು ಎಣಿಸುತ್ತಿದ್ದರು. ಆ ಪೀಪಾಯಿಯ ಹೆಸರೇ ‘ಟನ್’. ೧೯೬೯ರಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ಒಪ್ಪಂದವೊಂದು ಈ ಅಳತೆಗೆ ಎಲ್ಲ ದೇಶಗಳಿಗೂ ಒಪ್ಪುವ ಸೂತ್ರವನ್ನು ಕೊಟ್ಟಿತು.

ಹೀಗಿರಲು, ಪ್ರಯಾಣಿಕನಿಗೆ ಬೇಕಾದದ್ದು ಒಟ್ಟು ಗಾತ್ರವಲ್ಲ. ತನ್ನ ಪಾಲಿಗೆ ಬರುವ ಸ್ಥಳ. ಮನೆ ಎಷ್ಟೇ ದೊಡ್ಡದಿರಲಿ, ಮದುವೆಯ ದಿನ ಕಾಲಿಡಲು ಜಾಗವಿರುವುದಿಲ್ಲ. ಗಾತ್ರವನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ‘ಕ್ವೀನ್ ಮೇರಿ ೨’ರಲ್ಲಿ ೫೫, ‘ಐಕಾನ್’ನಲ್ಲಿ ೪೪ ಬರುತ್ತದೆ. ಚಿಕ್ಕ ಹಡಗೇ ಹೆಚ್ಚು ವಿಶಾಲವಾದಂತಾಯಿತು! ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ೫,೬೧೦ ಎಂಬುದು ಕೋಣೆಗೆ ಇಬ್ಬರಂತೆ ಮಾಡಿದ ಲೆಕ್ಕ. ಮಕ್ಕಳಿಗಾಗಿ ಇರುವ ಹೆಚ್ಚುವರಿ ಹಾಸಿಗೆಗಳೂ ತುಂಬಿದರೆ ‘ಐಕಾನ್’ನಲ್ಲಿ ೭,೬೦೦ ಜನ ಹಿಡಿಸುತ್ತಾರೆ. ಆಗ ಒಬ್ಬರ ಪಾಲು ೩೩ಕ್ಕೆ ಇಳಿಯುತ್ತದೆ. ಶಾಲೆಗಳ ರಜೆಯಲ್ಲಿ ಇಂಥ ಹಡಗುಗಳು ಹೆಚ್ಚು ತುಂಬುವುದು ಸಹಜ. ಆದುದರಿಂದ ಶಾಂತಿಯನ್ನು ಬಯಸುವವನು ಹಡಗನ್ನು ಆರಿಸುವಷ್ಟೇ ಜಾಗರೂಕತೆಯಿಂದ ತಿಂಗಳನ್ನೂ ಆರಿಸಬೇಕು.

ಎರಡನೆಯ ಅಂಶ, ದಾರಿ ಮತ್ತು ಹವೆ. ಉತ್ತರ ಅಟ್ಲಾಂಟಿಕ್ ಮೃದುವಾದ ಸಮುದ್ರವಲ್ಲ. ಚಳಿಗಾಲದಲ್ಲಿ ಬೆಟ್ಟದಂಥ ಅಲೆ. ಬೇಸಗೆಯಲ್ಲಿ ನ್ಯೂಫೌಂಡ್‌ಲೆಂಡಿನ ಕಡೆಗೆ ದಟ್ಟವಾದ ಮಂಜು. ಅದಕ್ಕೆಂದೇ ‘ಕ್ವೀನ್ ಮೇರಿ ೨’ರ ಮೂತಿ ನೀಳ ಹಾಗೂ ಚೂಪು, ಮೈಯ ಉಕ್ಕು ಬಲವಾದದ್ದು, ಗಂಟೆಗೆ ಸುಮಾರು ೩೦ ನಾಟ್, ಎಂದರೆ ೫೫ ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಶಕ್ತಿ. ದಿನನಿತ್ಯ ಅಷ್ಟು ವೇಗ ಬೇಕಿಲ್ಲ. ಬಿರುಗಾಳಿಯಲ್ಲಿ ಕಳೆದುಕೊಂಡ ಹೊತ್ತನ್ನು ಮರಳಿ ಗಳಿಸಲು ಅದು ಕೂಡಿಟ್ಟ ಬಲ. ‘ಐಕಾನ್’ ಸಂಚರಿಸುವ ಕೆರಿಬಿಯನ್ ಸಮುದ್ರ ಬೆಚ್ಚಗಿನದು. ಬಂದರುಗಳು ಹತ್ತಿರ ಹತ್ತಿರ. ೨೨ ನಾಟ್ ವೇಗವೇ ಸಾಕು. ಆದರೆ ಅಲ್ಲಿ ಜೂನಿನಿಂದ ನವೆಂಬರಿನವರೆಗೆ ಚಂಡಮಾರುತಗಳ ಕಾಲ. ಆಗ ಹಡಗು ದಾರಿಯನ್ನು ಬದಲಿಸಬಹುದು. ನೋಡಬೇಕೆಂದು ಹೊರಟ ದ್ವೀಪವನ್ನು ನೋಡದೆ ಬರಬೇಕಾಗಬಹುದು.

ಅಟ್ಲಾಂಟಿಕ್ ಯಾನದ ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಐದು ಗಂಟೆಗಳ ಕಾಲವ್ಯತ್ಯಾಸವಿದೆ. ಪಶ್ಚಿಮಕ್ಕೆ ಹೋಗುವಾಗ ಗಡಿಯಾರವನ್ನು ದಿನಕ್ಕೊಂದು ಗಂಟೆಯಂತೆ ಹಿಂದಕ್ಕೆ ತಿರುಗಿಸುತ್ತಾರೆ. ಐದು ದಿನಗಳು ೨೫ ಗಂಟೆಯವಾಗುತ್ತವೆ. ಪೂರ್ವಕ್ಕೆ ಬರುವವರು ಅಷ್ಟನ್ನೇ ಕಳೆದುಕೊಳ್ಳುತ್ತಾರೆ. ವಿಶ್ರಾಂತಿಗೆಂದು ಹೋಗುವವರು ಪಶ್ಚಿಮಾಭಿಮುಖವಾಗಿ ಹೋಗುವುದೇ ಲೇಸು.

ಮೂರನೆಯ ಅಂಶ, ಹಡಗಿನಲ್ಲಿ ದಿನ ಕಳೆಯುವ ರೀತಿ. ‘ಐಕಾನ್’ ಒಂದು ತೇಲುವ ಜಾತ್ರೆ. ಏಳು ಈಜುಕೊಳ, ಆರು ನೀರಿನ ಜಾರುಬಂಡೆ, ಸಣ್ಣ ಮಕ್ಕಳ ಸಂಸಾರಗಳಿಗೆಂದೇ ಬೇರೆ ಭಾಗ, ನಿಜವಾದ ಗಿಡಗಳನ್ನು ನೆಟ್ಟ ಉದ್ಯಾನ. ಕೆಲವು ಕೋಣೆಗಳ ಮೊಗಸಾಲೆ ಸಮುದ್ರದ ಕಡೆಗಲ್ಲದೆ ಆ ಉದ್ಯಾನದ ಕಡೆಗೇ ತೆರೆಯುತ್ತದೆ. ವಾರದಲ್ಲಿ ಕೆಲವು ದಿನ ದ್ವೀಪಗಳಲ್ಲಿ ಇಳಿಯಬಹುದು. ಅವುಗಳಲ್ಲಿ ಒಂದು ಹಡಗಿನ ಕಂಪನಿಯೇ ತನ್ನ ಪ್ರಯಾಣಿಕರಿಗಾಗಿ ಸಜ್ಜುಗೊಳಿಸಿದ, ಬಹಾಮಾಸ್‌ನ ಪುಟ್ಟ ದ್ವೀಪ. ‘ಕ್ವೀನ್ ಮೇರಿ ೨’ರಲ್ಲಿ ಏಳು ದಿನ ನೆಲ ಕಾಣುವುದಿಲ್ಲ. ಅಲ್ಲಿರುವುದು ದೊಡ್ಡದೊಂದು ಗ್ರಂಥಾಲಯ, ನಕ್ಷತ್ರಗಳನ್ನು ತೋರಿಸುವ ತಾರಾಲಯ, ಉಪನ್ಯಾಸಗಳು, ನೃತ್ಯಶಾಲೆ, ಹಡಗನ್ನು ಬಳಸಿ ಸುತ್ತಬಹುದಾದ ಮರದ ಹಾಸಿನ ಓಣಿ. ಪ್ರಯಾಣಿಕರ ನಾಯಿಗಳಿಗೂ ೨೪ ಗೂಡುಗಳಿವೆ! ಕೆಲವು ಸಂಜೆ ವಿಶೇಷ ಉಡುಪಿನಲ್ಲಿ ಊಟಕ್ಕೆ ಬರಬೇಕು. ಕೊಟ್ಟ ಹಣಕ್ಕೆ ತಕ್ಕಂತೆ ಊಟದ ಮನೆಯೂ ಬೇರೆ. ಹಳೆಯ ಕುಲದ ಗುಣದೊಂದಿಗೆ ಹಳೆಯ ಪಂಕ್ತಿಭೇದವೂ ಉಳಿದುಬಂದಿದೆ.

ನಾಲ್ಕನೆಯ ಅಂಶ, ಖರ್ಚು. ಟಿಕೆಟಿನ ಬೆಲೆಯನ್ನು ನೋಡಿ ತೀರ್ಮಾನ ಮಾಡುವವನು ಮೋಸಹೋಗುತ್ತಾನೆ. ಕೋಣೆಯೂ ಸಾಮಾನ್ಯ ಊಟವೂ ಟಿಕೆಟಿನಲ್ಲಿ ಸೇರಿವೆ; ಮದ್ಯ, ಇಂಟರ್‌ನೆಟ್, ದ್ವೀಪಗಳಲ್ಲಿನ ಸುತ್ತಾಟ, ತಲೆಗಿಷ್ಟೆಂದು ದಿನವೂ ಬೀಳುವ ಬಕ್ಷೀಸು ಸಾಮಾನ್ಯವಾಗಿ ಬೇರೆ. ಒಬ್ಬನೇ ಹೋಗುವವನು ಇಬ್ಬರ ಕೋಣೆಗೆ ಹೆಚ್ಚು ತೆರಬೇಕಾಗುತ್ತದೆ; ‘ಕ್ವೀನ್ ಮೇರಿ ೨’ರಲ್ಲಿ ೨೦೧೬ರಲ್ಲಿ ಒಬ್ಬೊಬ್ಬರಿಗೆಂದೇ ೧೫ ಕೋಣೆಗಳನ್ನು ಮಾಡಿದರು. ‘ಐಕಾನ್’ ಹೊರಟಲ್ಲಿಗೇ ತಂದು ಬಿಡುತ್ತದೆ. ‘ಕ್ವೀನ್ ಮೇರಿ ೨’ ಇನ್ನೊಂದು ಖಂಡದಲ್ಲಿ ಇಳಿಸುತ್ತದೆ. ಹಿಂದಿರುಗುವ ವಿಮಾನದ ಖರ್ಚನ್ನು ಮರೆಯಬಾರದು. ನಮ್ಮ ದೇಶದವರಿಗೆ ವೀಸಾಗಳ ಖರ್ಚೂ ಸೇರುತ್ತದೆ.

ಐದನೆಯ ಅಂಶವನ್ನು ಜಾಹೀರಾತುಗಳು ‘ಸೇವೆ’ ಎಂದು ಕರೆಯುತ್ತವೆ. ‘ಐಕಾನ್’ನಲ್ಲಿ ಕೆಲಸಗಾರರು ಸುಮಾರು ೨,೩೫೦, ‘ಕ್ವೀನ್ ಮೇರಿ ೨’ರಲ್ಲಿ ಸುಮಾರು ೧,೨೦೦. ಎರಡರಲ್ಲಿಯೂ ಹೆಚ್ಚುಕಡಮೆ ಇಬ್ಬರು ಪ್ರಯಾಣಿಕರಿಗೆ ಒಬ್ಬ ಕೆಲಸಗಾರ. ಪ್ರಯಾಣಿಕನು ಇದನ್ನು ‘ನನಗೆಷ್ಟು ಸೇವಕರು’ ಎಂದು ಓದುತ್ತಾನೆ. ಅಣ್ಣನು ‘ನನಗೆಷ್ಟು ಹಾಸಿಗೆ’ ಎಂದು ಓದುತ್ತಾನೆ. ಹಡಗು ಬಂದರಿಗೆ ಬಂದ ದಿನ ಬೆಳಿಗ್ಗೆ ಹಳಬರು ಇಳಿದು ಮಧ್ಯಾಹ್ನ ಹೊಸಬರು ಹತ್ತುವುದರೊಳಗೆ ಎಲ್ಲ ಕೋಣೆಗಳ ಹಾಸು ಹೊದಿಕೆ ಬದಲಾಗಬೇಕು. ೨೦೧೩ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕರ ಒಪ್ಪಂದದಂತೆ ದಿನಕ್ಕೆ ಹತ್ತು ಗಂಟೆಯಾದರೂ, ವಾರಕ್ಕೆ ೭೭ ಗಂಟೆಯಾದರೂ ವಿಶ್ರಾಂತಿ ಇರಬೇಕು. ಒಳ್ಳೆಯ ನಿಯಮವೇ. ಆದರೆ ಹತ್ತು ಗಂಟೆ ವಿಶ್ರಾಂತಿ ಎಂಬುದನ್ನು ಹದಿನಾಲ್ಕು ಗಂಟೆ ದುಡಿಮೆ ಎಂದೂ ಓದಬಹುದು. “ನನಗೆ ಎರಡು ಹಡಗೂ ಒಂದೇ,” ಎಂದು ಅಣ್ಣ ನಕ್ಕ, “ಹಾಸಿಗೆ ಎಲ್ಲಿದ್ದರೂ ಹಾಸಿಗೆಯೇ.”

ಈಗ ಆಯ್ಕೆಗೆ ಬರೋಣ. ಸಣ್ಣ ಮಕ್ಕಳಿರುವ ಸಂಸಾರಕ್ಕೆ, ಗದ್ದಲದಲ್ಲಿ ಉತ್ಸಾಹ ಪಡೆಯುವ ತರುಣರಿಗೆ, ಹೊಸ ದ್ವೀಪಗಳನ್ನು ಕಾಣುವ ಆಸೆಯುಳ್ಳವರಿಗೆ ‘ಐಕಾನ್’ ತಕ್ಕದ್ದು. ಓದುವವರಿಗೆ, ಮೌನವನ್ನು ಪ್ರೀತಿಸುವವರಿಗೆ, ಸಮುದ್ರವನ್ನೇ ನೋಡಬೇಕೆನ್ನುವವರಿಗೆ, ವಿಮಾನವನ್ನು ಒಲ್ಲದೆ ಖಂಡದಿಂದ ಖಂಡಕ್ಕೆ ಹೋಗುವವರಿಗೆ ‘ಕ್ವೀನ್ ಮೇರಿ ೨’. ಜಾರುಬಂಡೆಯ ಹುಡುಗನನ್ನು ಗ್ರಂಥಾಲಯದಲ್ಲಿ ಕೂರಿಸಿದರೂ, ಗ್ರಂಥಾಲಯದ ಅಜ್ಜನನ್ನು ಜಾರುಬಂಡೆಯ ಕೆಳಗೆ ಕೂರಿಸಿದರೂ ತಪ್ಪು ಹಡಗಿನದಲ್ಲ, ಆರಿಸಿದವನದು. ನನ್ನನ್ನು ಕೇಳಿದರೆ, ಏಳು ದಿನ, ದೊಡ್ಡ ಗ್ರಂಥಾಲಯ, ದಿನಕ್ಕೆ ಇಪ್ಪತ್ತೈದು ಗಂಟೆ: ಇದಕ್ಕಿಂತ ಹೆಚ್ಚಿನದನ್ನು ಬಿ. ಎ. ವಿದ್ಯಾರ್ಥಿ ಬಯಸಲಾರ.

ಇಷ್ಟನ್ನೆಲ್ಲ ಬರೆದು ಮುಗಿಸಿ ಒಂದು ರಾತ್ರಿ ಮನೆಯಲ್ಲಿ ಓದಿ ಹೇಳಿದೆ. ಅಣ್ಣನು, “ಎಂದಾದರೊಂದು ದಿನ ಅಪ್ಪ ಅಮ್ಮನನ್ನು ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆ,” ಎಂದ. ಮೂವತ್ತು ವರ್ಷ ಮೀನಿನ ದೋಣಿಯಲ್ಲಿ ದುಡಿದ ಅಪ್ಪನು, “ಸಮುದ್ರ ನೋಡಲಿಕ್ಕೂ ದುಡ್ಡು ಕೊಡುತ್ತಾರೇನೋ?” ಎಂದು ನಕ್ಕುಬಿಟ್ಟರು. ಅಮ್ಮ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಅಷ್ಟು ಜನರ ಪಾತ್ರೆ ತೊಳೆಯುವವರು ಯಾರು?” ಎಂದು ಕೇಳಿದಳು. “ನಮ್ಮಂಥವರೇ, ಅಮ್ಮ,” ಎಂದ ಅಣ್ಣ. ಆ ಮೇಲೆ ಆ ಮಾತು ಮುಂದುವರಿಯಲಿಲ್ಲ. ಮರುದಿನ ಭಾನುವಾರ. ಅಣ್ಣನು ಅಮ್ಮನನ್ನು ಅಡಿಗೆಮನೆಗೆ ಬಿಡದೆ ತಾನೇ ಅನ್ನ ಸಾರು ಮಾಡಿ ಬಡಿಸಿದ. ಪಾತ್ರೆಗಳನ್ನು ನಾನು ತೊಳೆದೆ. ಅಮ್ಮ ಜಗಲಿಯಲ್ಲಿ ಕುಳಿತು ಮಧ್ಯಾಹ್ನವೆಲ್ಲ ಬೀದಿಯನ್ನು ನೋಡಿದಳು. ಅವಳು ಹಾಗೆ ಕುಳಿತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ವಿಹಾರವೆಂದರೆ ದಿನನಿತ್ಯದ ಭಾರದಿಂದ ಬಿಡುವು. ಯಾರ ಭಾರ ಯಾವುದು ಎಂದು ತಿಳಿಯದೆ ಬಿಡುವನ್ನು ಆರಿಸಲಾಗದು. ಉದ್ದ, ಗಾತ್ರ, ವೇಗ, ಬೆಲೆ ಇವೆಲ್ಲವನ್ನೂ ಅಳೆಯಬೇಕು, ಸರಿಯಾಗಿಯೇ ಅಳೆಯಬೇಕು. ಆದರೆ ಅಳತೆಗೆ ಮೊದಲು ಕೇಳಬೇಕಾದ ಪ್ರಶ್ನೆ ಅಣ್ಣನದೇ: “ಯಾರಿಗೆ?” ಮುಂದಿನ ವರ್ಷ ಈ ಕಾಲೇಜನ್ನು ಬಿಟ್ಟು ಒಂದೊಂದು ದಾರಿ ಹಿಡಿಯಲಿರುವ ನನ್ನ ಸಹಪಾಠಿಗಳು ಕೆಲಸವನ್ನು ಆರಿಸುವಾಗಲೂ ಊರನ್ನು ಆರಿಸುವಾಗಲೂ ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ನನ್ನ ಈ ಸಣ್ಣ ಪ್ರಯತ್ನ ಸಾರ್ಥಕವಾಯಿತೆಂದು ಭಾವಿಸುತ್ತೇನೆ.