ಗೋದಾಮಿಗೆ ಕಬ್ಬಿಣದ ರ್ಯಾಕುಗಳ ಆಯ್ಕೆ

ರೈತ ಉತ್ಪಾದಕರ ಸಂಸ್ಥೆಗಳೂ ಸಹಕಾರ ಸಂಘಗಳೂ ಈಗ ಅನೇಕ ಊರುಗಳಲ್ಲಿ ಸ್ವಂತ ಗೋದಾಮು ಹೊಂದಿವೆ. ಬೀಜೋತ್ಪಾದನೆ ಮಾಡುವ ಕೆಲವು ಬೇಸಾಯಗಾರರು ಮನೆಯ ಪಕ್ಕದಲ್ಲೇ ಉಗ್ರಾಣ ಕಟ್ಟಿಕೊಂಡಿದ್ದಾರೆ. ಗೋಡೆ, ಚಾವಣಿ, ನೆಲದ ಕೆಲಸ ಮುಗಿದ ಕೂಡಲೇ ಏಳುವ ಪ್ರಶ್ನೆ, ಒಳಗೆ ಸರಕನ್ನು ಯಾವುದರ ಮೇಲೆ ಇಡಬೇಕು ಎಂಬುದು. ಕಬ್ಬಿಣದ ರ್ಯಾಕು ಹಾಕಿಸಿದರೆ ಅದೇ ಜಾಗದಲ್ಲಿ ಎರಡರಷ್ಟು ದಾಸ್ತಾನು ಹಿಡಿಯುತ್ತದೆ ಎಂದು ಮಾರುವವರು ಹೇಳುವುದುಂಟು. ಈ ಮಾತು ಕೆಲವು ಸರಕಿಗೆ ನಿಜ, ಕೆಲವಕ್ಕೆ ನಿಜವಲ್ಲ. ನಿಮ್ಮ ಸರಕಿಗೆ ನಿಜವೇ ಎಂಬುದನ್ನು ಮುಂಗಡ ಕೊಡುವ ಮೊದಲು ನೀವೇ ಲೆಕ್ಕ ಹಾಕಿ ತಿಳಿಯಬಹುದು. ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ತಕ್ಕಡಿ ಮತ್ತು ಒಂದೆರಡು ಮಾರು ದಾರ.

ನಮ್ಮ ಹಿರಿಯರು ಉಣ್ಣುವ ಧಾನ್ಯವನ್ನು ಹಗೇವು, ಕಣಜ, ವಾಡೆಗಳಲ್ಲಿ ತುಂಬುತ್ತಿದ್ದರು. ಬಿತ್ತನೆಯ ಬೀಜವನ್ನು ಮಾತ್ರ ಅದರೊಡನೆ ಸೇರಿಸದೆ ಅಟ್ಟದ ಮೇಲೆ ಬೇರೆಯಾಗಿ ಇಡುತ್ತಿದ್ದರು. ರ್ಯಾಕಿನ ವಿಷಯದಲ್ಲೂ ಇದೇ ಭೇದವನ್ನು ಇಟ್ಟುಕೊಂಡು ಯೋಚಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಎಷ್ಟು ಟನ್ನು ಸರಕಿದೆ ಎನ್ನುವುದಕ್ಕಿಂತ, ಅದು ಎಷ್ಟು ಬಗೆಯದು ಎಂಬುದನ್ನು ಮೊದಲು ಎಣಿಸಿಕೊಳ್ಳಿ.

ರಾಶಿ ಧಾನ್ಯಕ್ಕೆ ರ್ಯಾಕು ಬೇಡ

ಒಂದೇ ಬಗೆಯ 600 ಚೀಲ ಮೆಕ್ಕೆಜೋಳವಿದೆ ಎಂದಿಟ್ಟುಕೊಳ್ಳಿ. 50 ಕಿಲೋ ಚೀಲವನ್ನು ಮಲಗಿಸಿದರೆ ಸುಮಾರು 3 ಅಡಿ ಉದ್ದ, 2 ಅಡಿ ಅಗಲ, ಅಂದರೆ 6 ಚದರ ಅಡಿ ಜಾಗ ಹಿಡಿಯುತ್ತದೆ. ಒಂದರ ಮೇಲೊಂದು 12 ಚೀಲ ಒಟ್ಟಿದರೆ ಆ 6 ಚದರ ಅಡಿಯಲ್ಲಿ 600 ಕಿಲೋ ನಿಲ್ಲುತ್ತದೆ. ಚದರ ಅಡಿಗೆ 100 ಕಿಲೋ ಆಯಿತು. 30 ಅಡಿಗೆ 20 ಅಡಿಯ ದೊಡ್ಡ ಅಟ್ಟಿ ಹಾಕಿ, ಅಟ್ಟಿ ಅಟ್ಟಿಗಳ ನಡುವೆ ಎರಡೂವರೆ ಅಡಿ ದಾರಿ ಬಿಟ್ಟರೂ ಚದರ ಅಡಿಗೆ 80 ಕಿಲೋಗೆ ಕಡಿಮೆಯಾಗುವುದಿಲ್ಲ.

ಈಗ ರ್ಯಾಕನ್ನು ನೋಡೋಣ. 6 ಅಡಿ ಉದ್ದ, 2 ಅಡಿ ಆಳದ ರ್ಯಾಕಿನಲ್ಲಿ ಆಳು ಕೈಯಿಂದ ಎತ್ತಿ ಇಡಬಹುದಾದ ಅಂತಸ್ತುಗಳು ನಾಲ್ಕು. ಅಂತಸ್ತಿಗೆ 300 ಕಿಲೋ ಎಂದರೆ ಒಟ್ಟು 1,200 ಕಿಲೋ. ಎದುರುಬದುರಾದ ಎರಡು ರ್ಯಾಕುಗಳ ನಡುವೆ ಓಡಾಡಲು 3 ಅಡಿ ದಾರಿ ಬೇಕು. ಅದರಲ್ಲಿ ಅರ್ಧ, ಒಂದೂವರೆ ಅಡಿ, ಈ ರ್ಯಾಕಿನ ಪಾಲಿಗೆ ಬರುತ್ತದೆ. ಹಾಗಾಗಿ ಅದು ನುಂಗುವ ಜಾಗ 21 ಚದರ ಅಡಿ. ಚದರ ಅಡಿಗೆ 57 ಕಿಲೋ ಮಾತ್ರ. ಹಣ ಕೊಟ್ಟು ಜಾಗ ಕಳೆದುಕೊಂಡಂತಾಯಿತು.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಹುಳು ಬಿದ್ದ ಧಾನ್ಯಕ್ಕೆ ಅಲ್ಯೂಮಿನಿಯಂ ಫಾಸ್ಫೈಡ್‌ನಿಂದ ಧೂಮೀಕರಣ ಮಾಡುವಾಗ ಇಡೀ ಅಟ್ಟಿಗೆ ಗಾಳಿಯಾಡದ ಹೊದಿಕೆ ಹೊದಿಸಿ, ಅಂಚಿನ ಸುತ್ತ ಮರಳು ತುಂಬಿದ ಉದ್ದ ಚೀಲಗಳನ್ನು ಇಟ್ಟು ನೆಲಕ್ಕೆ ಒತ್ತುತ್ತಾರೆ. ಈ ಕೆಲಸವನ್ನು ಅನುಮತಿ ಪಡೆದ ತಜ್ಞರೇ ಮಾಡಬೇಕು, ನೀವು ಕೈಹಾಕಬಾರದು. ಚೂಪು ಮೂಲೆ, ಬೋಲ್ಟುಗಳಿರುವ ಉದ್ದನೆಯ ರ್ಯಾಕುಸಾಲಿಗೆ ಹೊದಿಕೆ ಹರಿಯದಂತೆ, ಅನಿಲ ಸೋರದಂತೆ ಹೊದಿಸುವುದು ಕಷ್ಟ. ಅನಿಲ ಸೋರಿದರೆ ಹುಳು ಪೂರ್ತಿ ಸಾಯುವುದಿಲ್ಲ. ಬದುಕಿ ಉಳಿದವು ಔಷಧಕ್ಕೆ ಜಗ್ಗದ ಸಂತತಿಯನ್ನು ಬೆಳೆಸುತ್ತವೆ.

ಆದುದರಿಂದ ರಾಶಿ ಧಾನ್ಯಕ್ಕೆ ಬೇಕಾದುದು ಅಡಿಹಲಗೆ, ಉಗ್ರಾಣದವರ ಮಾತಿನಲ್ಲಿ ಡನ್ನೇಜು. ನೆಲದ ತೇವ ಚೀಲಕ್ಕೆ ಏರದಂತೆ ಮರದ ಚೌಕಟ್ಟು ಹಾಸಿರಿ. ಅದು ಸಿಗದಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಎರಡು ಚಾಪೆಗಳ ನಡುವೆ ಹಾಸಬಹುದು. ಮಲೆನಾಡಿನಲ್ಲಿ ಅಡಿಕೆ ದಬ್ಬೆಯೂ ನಡೆಯುತ್ತದೆ. ಗೋಡೆಯಿಂದ ಎರಡೂವರೆ ಅಡಿ ದೂರವಿರಲಿ. ರ್ಯಾಕಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ತೇವಮಾಪಕವನ್ನು ಕೊಂಡರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಲಾಭ.

ಬೀಜಕ್ಕೆ ರ್ಯಾಕು ಬೇಕು

ಬೀಜದ ಕಥೆ ಬೇರೆ. ಸಂಸ್ಥೆಯ ಉಗ್ರಾಣದಲ್ಲಿ ಭತ್ತದ ನಾಲ್ಕು ತಳಿ, ರಾಗಿಯ ಮೂರು, ತೊಗರಿ, ಕಡಲೆ, ಸೋಯಾ ಅವರೆ ಎಲ್ಲವೂ ಹತ್ತು ಹದಿನೈದು ಚೀಲದಂತೆ ಇರುತ್ತವೆ. ಇವನ್ನು ಒಂದೇ ಅಟ್ಟಿಯಲ್ಲಿ ಒಟ್ಟಿದರೆ ಅಡಿಯ ಚೀಲ ತೆಗೆಯಲು ಮೇಲಿನದನ್ನೆಲ್ಲ ಇಳಿಸಬೇಕು. ಇಳಿಸಿ ಏರಿಸುವಾಗ ಚೀಟಿ ಹರಿಯುತ್ತದೆ, ತಳಿ ಬೆರೆಯುತ್ತದೆ. ಒಂದೊಂದು ಬಗೆಯನ್ನೂ ಪ್ರತ್ಯೇಕ ಅಟ್ಟಿ ಮಾಡಿದರೆ ನೆಲವೆಲ್ಲ ಗಿಡ್ಡ ಅಟ್ಟಿಗಳಿಂದ ತುಂಬಿ, ಮೇಲಿನ ಜಾಗ ಖಾಲಿ ಉಳಿಯುತ್ತದೆ. ರ್ಯಾಕು ಜಾಗ ಉಳಿಸುವುದು ಇಲ್ಲಿ.

ಸೋಯಾ ಅವರೆಯ ವಿಷಯದಲ್ಲಿ ಜಾಗಕ್ಕಿಂತ ಮೊಳೆಯುವ ಶಕ್ತಿಯ ಪ್ರಶ್ನೆ ದೊಡ್ಡದು. ಅದರ ಸಿಪ್ಪೆ ಬಹಳ ತೆಳು, ಮೊಳಕೆಯ ಭಾಗ ಸಿಪ್ಪೆಯ ಅಡಿಯಲ್ಲೇ ಇರುತ್ತದೆ. ಚೀಲವನ್ನು ಎತ್ತಿ ಹಾಕಿದರೂ, ಮೇಲಿನಿಂದ ಭಾರ ಬಿದ್ದರೂ ಒಳಗೆ ಪೆಟ್ಟಾಗುತ್ತದೆ, ಹೊರಗೆ ಕಾಣುವುದಿಲ್ಲ. ಬೀಜ ಪ್ರಮಾಣನಕ್ಕೆ ಬೇಕಾದ ಕನಿಷ್ಠ ಮೊಳಕೆ ಶೇಕಡ 70. ಇತರ ಅನೇಕ ಬೆಳೆಗಳಿಗಿಂತ ಕಡಿಮೆಯಾದ ಈ ಮಟ್ಟವನ್ನು ಮುಟ್ಟಲೂ ಬೀದರ್, ಧಾರವಾಡ, ಬೆಳಗಾವಿ ಕಡೆಯ ರೈತರು ಪಡುವ ಪಾಡು ಅವರಿಗೇ ಗೊತ್ತು. ಈ ಚೀಲಗಳನ್ನು ಐದಕ್ಕಿಂತ ಎತ್ತರ ಒಟ್ಟಬೇಡಿ. ರ್ಯಾಕಿನಲ್ಲಿ ಮೂರರಂತೆ ಇಟ್ಟರೆ ಇನ್ನೂ ಕ್ಷೇಮ.

ರ್ಯಾಕಿನಲ್ಲಿ ಯಾವ ಅಂತಸ್ತು ಬೀಜಕ್ಕೆ ಒಳ್ಳೆಯದು ಎಂಬುದೂ ಯೋಚಿಸಬೇಕಾದ ಮಾತು. ಹ್ಯಾರಿಂಗ್ಟನ್ ಎಂಬ ಅಮೆರಿಕದ ವಿಜ್ಞಾನಿ ಕೊಟ್ಟ ಸ್ಥೂಲ ನಿಯಮದಂತೆ, ಬೀಜದ ತೇವ ಶೇಕಡ 1ರಷ್ಟು ಕಡಿಮೆಯಾದರೆ ಅದರ ಆಯುಷ್ಯ ಇಮ್ಮಡಿಯಾಗುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದರೂ ಅಷ್ಟೇ. ತಗಡಿನ ಚಾವಣಿಯ ಗೋದಾಮಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲಿನ ಅಂತಸ್ತಿನ ಮೇಲೆ ಕೈಯಿಟ್ಟು ನೋಡಿ, ಕೆಳಗಿನದರ ಮೇಲೂ ಇಟ್ಟು ನೋಡಿ. ಮೇಲಿನ ಅಂತಸ್ತು ಖಾಲಿ ಗೋಣಿಚೀಲ, ಜರಡಿಗಳಿಗಿರಲಿ. ತೇವವನ್ನು ಮಾತ್ರ ಯಾವ ರ್ಯಾಕೂ ಇಳಿಸಲಾರದು. ಸಾಧಾರಣ ಚೀಲದಲ್ಲಿಡುವ ಬಿತ್ತನೆ ಭತ್ತಕ್ಕೆ ಶೇಕಡ 13, ರಾಗಿ, ಮೆಕ್ಕೆಜೋಳ, ಸೋಯಾ ಅವರೆಗೆ 12, ತೊಗರಿ ಕಡಲೆಗಳಿಗೆ 9, ಇದಕ್ಕಿಂತ ಹೆಚ್ಚು ತೇವವಿರಬಾರದು.

ತೂಕದ ಲೆಕ್ಕ

ಕೊಳ್ಳಲು ಹೊರಟವರು ಮೊದಲು ಕೇಳುವುದು ಬೆಲೆ. ಮೊದಲು ಕೇಳಬೇಕಾದುದು, ಒಂದು ಅಂತಸ್ತು ಎಷ್ಟು ಕಿಲೋ ತಾಳುತ್ತದೆ ಎಂಬುದು. 6 ಅಡಿ ಉದ್ದದ ಅಂತಸ್ತಿನಲ್ಲಿ 25 ಕಿಲೋ ಬೀಜದ ಚೀಲಗಳನ್ನು ಒಂದು ಸಾಲಿಗೆ 4ರಂತೆ ಮಲಗಿಸಬಹುದು. ಒಂದರ ಮೇಲೊಂದು ಮೂರು ಸಾಲು, 12 ಚೀಲ, 300 ಕಿಲೋ. ಅಂಗಡಿಯವರು 100 ಕಿಲೋ ತಾಳುತ್ತದೆ ಎಂದರೆ ಅದು ಕಡತಗಳಿಗೆ ಮಾಡಿದ ರ್ಯಾಕು, ಚೀಲಗಳಿಗಲ್ಲ. ತಾಳುವ ಭಾರವನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಆ ಭಾರವು ಅಂತಸ್ತಿನ ತುಂಬ ಸಮನಾಗಿ ಹರಡಿದಾಗಿನ ಮಾತು ಎಂಬುದು ನೆನಪಿರಲಿ. ನಡುಮಧ್ಯದಲ್ಲಿ ಗುಡ್ಡೆ ಹಾಕಿದರೆ ಅಷ್ಟು ತಾಳದು.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಒಂದು, ಉದ್ದಕ್ಕೂ ತೂತುಗಳಿರುವ ಆಂಗಲ್ ಕಾಲುಗಳಿಗೆ ತಗಡಿನ ಹಲಗೆಯನ್ನು ಬೋಲ್ಟು ನಟ್ಟುಗಳಿಂದ ಬಿಗಿಯುವುದು. ಎಲ್ಲಿ ಬೇಕಾದರೂ ಬಿಗಿದು, ಬೇಡವಾದಾಗ ಬಿಚ್ಚಬಹುದಾದ ಈ ತೂತಿನ ಆಂಗಲನ್ನು ರೂಪಿಸಿದವರು ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಡಿಮೆಟ್ರಿಯಸ್ ಕೊಮಿನೊ ಎಂಬ ಎಂಜಿನಿಯರು. 1947ರಲ್ಲಿ ಅದರ ತಯಾರಿಕೆಗೆಂದೇ ಕಂಪನಿ ಹುಟ್ಟಿತು. ಎರಡನೆಯದು, ಮುಂದೆ ಹಿಂದೆ ಅಡ್ಡ ತೊಲೆಗಳನ್ನು ಕಾಲಿಗೆ ಸಿಕ್ಕಿಸಿ, ಅವುಗಳ ಮೇಲೆ ಹಲಗೆ ಕೂರಿಸುವುದು. ಭಾರವನ್ನು ಹೊರುವುದು ತೊಲೆ, ಹಲಗೆಯಲ್ಲ. ನಮ್ಮ 300 ಕಿಲೋ ಲೆಕ್ಕಕ್ಕೆ 6 ಅಡಿಯ ಬರೀ ತಗಡು ಸಾಲದು. ತೊಲೆಯ ರ್ಯಾಕೇ ಬೇಕು. ತಗಡಿನದನ್ನೇ ಕೊಳ್ಳುವಿರಾದರೆ 3 ಅಡಿ ಉದ್ದದ್ದನ್ನು, ಅಡಿಯಲ್ಲಿ ಬಲಪಟ್ಟಿ ಇರುವುದನ್ನು ಆರಿಸಿ, ಚೀಲಗಳ ಸಂಖ್ಯೆಯನ್ನು ಅದು ತಾಳುವಷ್ಟಕ್ಕೆ ಇಳಿಸಿರಿ. ಅದೇ ಭಾರಕ್ಕೆ, ಹಲಗೆಯ ಉದ್ದ ಇಮ್ಮಡಿಯಾದರೆ ಅದು ಬಾಗುವುದು ಎಂಟು ಮಡಿ.

ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಅಂಕಿ ಹೆಚ್ಚಿದಷ್ಟೂ ತಗಡು ತೆಳು. 14 ಗೇಜು ಎಂದರೆ 2 ಮಿಲಿಮೀಟರು, 18 ಗೇಜು 1.2, 22 ಗೇಜು 0.7. ಬಣ್ಣ ಬಳಿದ ಮೇಲೆ ಕಣ್ಣಿಗೆ ಭೇದ ತಿಳಿಯದು, ತಕ್ಕಡಿಗೆ ತಿಳಿಯುತ್ತದೆ. 1 ಮಿಲಿಮೀಟರು ದಪ್ಪದ ಒಂದು ಚದರ ಮೀಟರು ಉಕ್ಕಿನ ತಗಡು 7.85 ಕಿಲೋ ತೂಗುತ್ತದೆ. 6 ಅಡಿಗೆ 2 ಅಡಿಯ ಹಲಗೆ ಸುಮಾರು 1.1 ಚದರ ಮೀಟರು. 18 ಗೇಜಿನದಾದರೆ ಮಡಿಸಿದ ಅಂಚನ್ನು ಬಿಟ್ಟೇ ಹತ್ತು ಕಿಲೋ ದಾಟಬೇಕು. ಆರೇಳು ಕಿಲೋ ತೂಗಿದರೆ ನಿಮಗೆ ಕೊಟ್ಟಿರುವುದು 22 ಗೇಜು.

ದಾರದ ಪರೀಕ್ಷೆ ಇನ್ನೂ ಸುಲಭ. ಒಂದು ಅಂತಸ್ತನ್ನು ಪೂರ್ತಿ ತುಂಬಿಸಿ, ಮುಂದಿನ ತೊಲೆಯ ಎರಡು ತುದಿಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ನಡುವೆ ತೊಲೆ ದಾರಕ್ಕಿಂತ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಉದ್ದದ ಇನ್ನೂರನೆಯ ಒಂದು ಭಾಗದವರೆಗೆ, ಅಂದರೆ 6 ಅಡಿಗೆ 9 ಮಿಲಿಮೀಟರಿನವರೆಗೆ ಬಾಗಿದರೆ ಚಿಂತೆಯಿಲ್ಲ. ಚೀಲ ಇಳಿಸಿದ ಮೇಲೂ ಆ ಬಾಗು ನೇರವಾಗದಿದ್ದರೆ ಆ ತೊಲೆಯನ್ನು ಹಿಂದಿರುಗಿಸಿ.

ಕಾಲು ಮತ್ತು ನೆಲ

ಅಂತಸ್ತಿಗೆ 300ರಂತೆ ನಾಲ್ಕು ಅಂತಸ್ತಿನ 1,200 ಕಿಲೋ ಭಾರ ಕೊನೆಗೆ ನಾಲ್ಕು ಕಾಲುಗಳಿಗೆ ಬರುತ್ತದೆ. ಕಾಲಿಗೆ 300 ಕಿಲೋ. 40 ಮಿಲಿಮೀಟರು ಅಗಲ, 2 ಮಿಲಿಮೀಟರು ದಪ್ಪದ ಆಂಗಲಿನ ತುದಿ ನೆಲಕ್ಕೆ ತಾಗುವುದು ಒಂದೂವರೆ ಚದರ ಸೆಂಟಿಮೀಟರಿಗೆ ತುಸು ಹೆಚ್ಚು, ಅಷ್ಟೇ. ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ 190 ಕಿಲೋ ಸಮೀಪ ಒತ್ತಡ. ಸಾಧಾರಣ ನೆಲದ ಕಾಂಕ್ರೀಟು ತಾಳುವುದು ಸುಮಾರು 150. ಕಾಲು ಉಳಿಯಂತೆ ನೆಲವನ್ನು ಕೊರೆಯುತ್ತದೆ, ಒಂದು ಕಾಲು ಇಳಿದರೆ ರ್ಯಾಕು ವಾಲುತ್ತದೆ. ಅದೇ ಕಾಲಿಗೆ 10 ಸೆಂಟಿಮೀಟರಿನ ಚೌಕ ಅಡಿತಟ್ಟೆ ಹಾಕಿಸಿದರೆ ಒತ್ತಡ 3 ಕಿಲೋಗೆ ಇಳಿಯುತ್ತದೆ. ತಟ್ಟೆಗೆ ಹೆಚ್ಚು ಹಣವೇನೂ ಬೀಳುವುದಿಲ್ಲ. ಆದರೂ ಬಿಟ್ಟುಹೋಗುವುದು ಇದೇ.

ಎತ್ತರವು ಆಳದ ನಾಲ್ಕು ಮಡಿ ಮೀರಬಾರದು. 2 ಅಡಿ ಆಳಕ್ಕೆ 8 ಅಡಿ ಮಿತಿ. ಗೋಡೆಗೆ ಬಿಗಿಯುವ ರೂಢಿ ಇದೆ, ಆದರೆ ನಾವು ಗೋಡೆಯಿಂದ ದೂರವಿಡಿ ಎನ್ನುತ್ತೇವೆ. ಗೋಡೆಯ ತೇವ ಬೀಜಕ್ಕೆ ತಾಗಬಾರದು, ಇಲಿಗೆ ಮರೆ ಸಿಗಬಾರದು. ಆದಕಾರಣ ಎರಡು ರ್ಯಾಕುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬಿಗಿದು, ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿಸಿರಿ. ಹಿಂಬದಿಗೂ ಪಕ್ಕಗಳಿಗೂ ಗುಣಾಕಾರದ ಅಡ್ಡಪಟ್ಟಿ ಇರಲೇಬೇಕು. ಕೆಳಗಿನ ಅಂತಸ್ತು ನೆಲದಿಂದ ಒಂದು ಅಡಿ ಮೇಲಿದ್ದರೆ ಪೊರಕೆ ಆಡುತ್ತದೆ. ಡಬ್ಬಿಯಾಕಾರದ ತೊಲೆ, ಕಾಲುಗಳ ತೆರೆದ ಬಾಯಿಗೆ ಮುಚ್ಚಳ ಹಾಕಿಸಿ. ಖಪ್ರಾ ಹುಳುವಿನ ಮರಿಗಳು ಇಂಥ ಸಂದುಗಳಲ್ಲಿ ತಿಂಗಳುಗಟ್ಟಲೆ ಆಹಾರವಿಲ್ಲದೆ ಅಡಗಿರಬಲ್ಲವು.

ಕಾರ್ಖಾನೆಗಳಿಂದ ಬರುವ ಹಳೆಯ ರ್ಯಾಕು ಕೊಳ್ಳಬಾರದೆಂದೇನೂ ಇಲ್ಲ. ಕಾಲು ನೆಟ್ಟಗಿರಬೇಕು, ತೊಲೆಯ ಕೊಕ್ಕೆ ಸವೆದಿರಬಾರದು, ಕೊಕ್ಕೆ ಮೇಲೇಳದಂತೆ ತಡೆಯುವ ಪಿನ್ನು ಇರಬೇಕು, ಎಲ್ಲವೂ ಒಂದೇ ತಯಾರಕರದ್ದಾಗಿರಬೇಕು. ಬಗ್ಗಿದ ಕಾಲನ್ನು ಬಡಿದು ನೇರ ಮಾಡಿ ಬಣ್ಣ ಬಳಿದಿದ್ದರೆ ಬೇಡ. ಯಂತ್ರದಿಂದ ಎತ್ತಿಡುವ ಎತ್ತರದ ಪ್ಯಾಲೆಟ್ ರ್ಯಾಕುಗಳಿಗೆ ನೆಲವನ್ನೇ ಬೇರೆ ರೀತಿ ಕಟ್ಟಬೇಕು, ದಾರಿಯೂ ಹತ್ತು ಅಡಿಗೆ ಮೇಲೆ ಬೇಕು. ಎಂಜಿನಿಯರರ ನಕ್ಷೆಯಿಲ್ಲದೆ ಅದಕ್ಕೆ ಕೈಹಾಕಬೇಡಿ.

ಗೊಬ್ಬರ, ಔಷಧಗಳು

ರಾಸಾಯನಿಕ ಗೊಬ್ಬರ ಗಾಳಿಯ ತೇವ ಹೀರಿ ಒಸರುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. 45 ಕಿಲೋ ಯೂರಿಯಾ ಚೀಲಗಳಿಗೆ ಮರದ ಅಡಿಹಲಗೆಯೇ ಸರಿ, ಅದೂ ಬೀಜದಿಂದ ದೂರದಲ್ಲಿ. ಕೀಟನಾಶಕಗಳನ್ನು ಬೇರೆ ಕೋಣೆಯಲ್ಲಿ, ಇಲ್ಲವೇ ಬೀಗ ಹಾಕಿದ ಪ್ರತ್ಯೇಕ ಬೀರುವಿನಲ್ಲಿ ಇಡಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸುತ್ತವೆ. ಅಲ್ಲಿನ ರ್ಯಾಕಿಗೆ ಭಾರದ ಚಿಂತೆ ಕಡಿಮೆ, ಸೋರುವ ಚಿಂತೆ ಹೆಚ್ಚು. ಸೀಸೆ ಉರುಳದಂತೆ ಹಲಗೆಯ ಅಂಚು ಎರಡು ಬೆರಳು ಮೇಲೆದ್ದಿರಲಿ. ದ್ರವ ಔಷಧ ಕೆಳಗೆ, ಪುಡಿ ಮೇಲೆ. ತಿರುಗುಮುರುಗಾದರೆ ಸೋರಿದ ದ್ರವ ಪುಡಿಯ ಪೊಟ್ಟಣಗಳನ್ನೆಲ್ಲ ಕೆಡಿಸುತ್ತದೆ. ಕಳೆನಾಶಕಗಳ, ಅದರಲ್ಲೂ 2,4-ಡಿಯ ಗಾಳಿ ಬೀಜಕ್ಕೆ ತಾಗದಿರಲಿ.

ರ್ಯಾಕು ನಿಲ್ಲಿಸಿದ ದಿನವೇ ಪ್ರತಿ ಅಂತಸ್ತಿನ ಮೇಲೂ ಬಣ್ಣದಲ್ಲಿ ಮಿತಿ ಬರೆಸಿರಿ. ಕಿಲೋ ಲೆಕ್ಕದಲ್ಲಿ ಬರೆದರೆ ಹಮಾಲರಿಗೆ ಉಪಯೋಗವಿಲ್ಲ. 12 ಚೀಲ ಎಂದು ಬರೆಸಿ. ಸರಕು ತುಂಬಿದ ಒಂದು ತಿಂಗಳ ನಂತರ ಬೋಲ್ಟುಗಳೆಲ್ಲವನ್ನೂ ಮತ್ತೊಮ್ಮೆ ಬಿಗಿಸಿ. ಆಮೇಲೆ ಪ್ರತಿ ಹಂಗಾಮಿನ ಬೀಜ ಖಾಲಿಯಾದಾಗ ಹಲಗೆ ಎತ್ತಿ, ತೂತುಗಳನ್ನು ಗಟ್ಟಿ ಕುಂಚದಿಂದ ಗುಡಿಸಿ, ತುಕ್ಕು ಕಂಡಲ್ಲಿ ಉಜ್ಜಿ ಬಣ್ಣ ಹಚ್ಚಿಸಿರಿ.