ಇಂದಿನ ಚಿಂತನೆ: ಹಳೆ ಚೀವರ, ಹಳೆ ಹೊಸ್ತಿಲು

 

ಬಂಧುಗಳೇ, ಇಂದಿನ ಪ್ರಸಂಗ ವಿನಯಪಿಟಕದ ಚುಲ್ಲವಗ್ಗದ್ದು. ಕೋಸಂಬಿಯ ಉದೇನ ರಾಜನ ರಾಣಿಯರು ಭಂತೆ ಆನಂದರ ಉಪದೇಶ ಕೇಳಿ 500 ಚೀವರ ದಾನ ಕೊಟ್ಟರು. ರಾಜನಿಗೆ ಸಿಟ್ಟು ಬಂತು. ಭಿಕ್ಕುವಿಗೆ ಇಷ್ಟು ಬಟ್ಟೆ ಏಕೆ, ವ್ಯಾಪಾರ ಮಾಡುತ್ತಾರೋ ಎಂದು ಅನುಮಾನಪಟ್ಟು ನೇರವಾಗಿ ಹೋಗಿ ಕೇಳಿದ. ಚೀವರ ಸವೆದ ಭಿಕ್ಕುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಾಗಾದರೆ ಅವರ ಹಳೆಯದು? ಮೇಲುಹಾಸು ಆಗುತ್ತದೆ. ಅದೂ ಹಳೆಯದಾದರೆ? ಹಾಸಿಗೆಯ ಗವಸು, ಆಮೇಲೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ದೂಳು ಒರೆಸುವ ಬಟ್ಟೆ. ಕೊನೆಗೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ.

ಬೀರೂರಿನ ನಮ್ಮ ಕೇರಿಯ ಹಳೆ ಮನೆ ಕೆಡವಿದ ದಿನ ನನಗೆ ಇದು ನೆನಪಾಯಿತು. ಮಣ್ಣಿನ ಗೋಡೆ, ಮಂಗಳೂರು ಹೆಂಚು. ತಮ್ಮ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದಾನೆ. ಹೆಂಚು ಕೊಟ್ಟಿಗೆಗೆ ಹೋಯಿತು, ಜಂತೆ ಸೌದೆಯಾಯಿತು. ನಾನು ಮಾತ್ರ ಹೊಸ್ತಿಲು ಬೇಕೆಂದು ಹಟ ಹಿಡಿದೆ.

ನಡುವೆ ಸವೆದು ತಗ್ಗಾದ ಹೊಸ್ತಿಲು ಅದು. ಅಪ್ಪನನ್ನು ಕೂಲಿಗೆ ಕರೆಯಲು ಬರುತ್ತಿದ್ದವರು ಅದರಾಚೆ ಮಾರು ದೂರದಲ್ಲೇ ನಿಂತು 'ಏಯ್' ಅನ್ನುತ್ತಿದ್ದರು. ಅವರ ಮನೆಯ ಹೊಸ್ತಿಲನ್ನು ಅಪ್ಪ ಒಮ್ಮೆಯೂ ದಾಟಲಿಲ್ಲ. ಹೊಸ್ತಿಲ ಮೇಲೆ ಕೂತರೆ ದರಿದ್ರ ಎಂಬ ಮಾತಿದೆಯಲ್ಲ, ದೀಕ್ಷೆ ತೆಗೆದುಕೊಂಡ ಮೇಲೆ ಅಪ್ಪ ಬೇಕೆಂದೇ ಅಲ್ಲಿ ಕೂತು ಪೇಪರ್ ಓದುತ್ತಿದ್ದರು. ನಾನು ಅಕ್ಷರ ತಿದ್ದಿದ್ದೂ ಅಲ್ಲೇ.

ಅವ್ವ ಹೇಳಿದಳು: "ಇಟ್ಕೊಂಡ್ರೆ ದಿನಾ ಅರಿಶಿನ ಕುಂಕುಮ ಇಡು. ಇಲ್ಲಾಂದ್ರೆ ಒಲೆಗೆ ಹಾಕು." 22 ಪ್ರತಿಜ್ಞೆ ಅವ್ವನಿಗೆ ಬಾಯಿಪಾಠ, ಆದರೆ ಹೊಸ್ತಿಲಿಗೆ ಮಾತ್ರ ವಿನಾಯಿತಿ. ನಾನು ಪಾಲಿಷ್ ಮಾಡಿಸಿ ಗೋಡೆಗೆ ತೂಗುಹಾಕುತ್ತೇನೆ ಎಂದಾಗ ತಮ್ಮ ನಕ್ಕ. "ಅವ್ವ ಅರಿಶಿನ ಹಚ್ತಾಳೆ, ನೀನು ವಾರ್ನಿಷ್ ಹಚ್ತೀಯ. ಎರಡೂ ಪೂಜೆನೇ."

ಎರಡು ದಿನ ಅವನೊಂದಿಗೆ ಮಾತು ಬಿಟ್ಟೆ. ಅವನ ಮಾತಿನಲ್ಲಿ ನಿಜವಿತ್ತು, ಅದಕ್ಕೇ ಸಿಟ್ಟು. ಉಪಾದಾನ ಎಂದು ಮಕ್ಕಳಿಗೆ ಅರ್ಥ ಹೇಳುವ ನಾನೇ ಮರದ ತುಂಡೊಂದನ್ನು ತಬ್ಬಿಕೊಂಡಿದ್ದೆ.

ಆದರೂ ಎಸೆಯುವುದೇ ವಿರಾಗ ಎಂದು ನನಗೆ ಅನಿಸುವುದಿಲ್ಲ. ನಾಗಪುರದ ಬಳಿಯ ಚಿಚೋಲಿಯಲ್ಲಿ ಬಾಬಾಸಾಹೇಬರ ಟೈಪ್‌ರೈಟರ್, ಕೋಟುಗಳನ್ನು ಕಾಪಾಡಿಟ್ಟಿದ್ದಾರೆ. ಆ ಟೈಪ್‌ರೈಟರ್ ನೋಡಿದವರಿಗೆ ಅವರ ದುಡಿಮೆ ನೆನಪಾಗಬೇಕು, ಹೂವಿನ ಹಾರವಲ್ಲ. ಆನಂದರೂ ಹಳೆ ಬಟ್ಟೆಯನ್ನು ಎಸೆಯಲಿಲ್ಲ. 'ಇದರಿಂದ ಏನು ಮಾಡುತ್ತೀರಿ' ಎಂದು ಕೇಳಿದಷ್ಟು ಸಲವೂ ಅವರಲ್ಲಿ ಉತ್ತರವಿತ್ತು. ನನ್ನಲ್ಲಿ ಇರಲಿಲ್ಲ, ಅಷ್ಟೇ.

ಬಡಗಿಗೆ ಹೇಳಿ ಹೊಸ್ತಿಲಿಗೆ ಕಾಲು ಹೊಡೆಸಿದೆ. ವಾರ್ನಿಷ್ ಬೇಡವೆಂದೆ. ಈಗ ಅದು ಸಂಜೆ ಪಾಠಕ್ಕೆ ಬರುವ ಕೇರಿಯ ಮಕ್ಕಳು ಪುಸ್ತಕ ಇಟ್ಟು ಬರೆಯುವ ಮಣೆ. ನಡುವಿನ ತಗ್ಗಿನಲ್ಲಿ ಪೆನ್ಸಿಲ್ ಇಡುತ್ತಾರೆ, ಉರುಳುವುದಿಲ್ಲ. ಅವ್ವ ವಾರದವರೆಗೆ ಹತ್ತಿರ ಸುಳಿಯಲಿಲ್ಲ. ಮೊನ್ನೆ ನೋಡಿದರೆ ಅದರ ಮೇಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು.

ಒಂದು ಹೆಂಚನ್ನೂ ಸೀರೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಅದಕ್ಕೆ ಇನ್ನೂ ಉತ್ತರ ಹೊಳೆದಿಲ್ಲ. ತಮ್ಮನೂ ಈ ಗುಂಪಿನಲ್ಲಿದ್ದಾನೆ, ಈಗ ಅವನಿಗೂ ಗೊತ್ತಾಯಿತು.

ಭಾನುವಾರದ ಸಭೆಗೆ ನಿಮ್ಮ ಮನೆಯಲ್ಲಿ ಹಾಗೆ ಸುತ್ತಿಟ್ಟ ಒಂದು ವಸ್ತುವನ್ನು ತನ್ನಿ. ಉದೇನ ರಾಜನ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳೋಣ.

ಜೈ ಭೀಮ್ 🙏