ಸಣ್ಣ ನಾಯಿಯ ಬೆಲ್ಟ್ ಬಿಚ್ಚುವ ಮುನ್ನ

‘ಹೆದರಬೇಡಿ, ಅದು ಏನೂ ಮಾಡಲ್ಲ.’ ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಯಾವ ಬಡಾವಣೆಯಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಜರ್ಮನ್ ಶೆಫರ್ಡ್ ಸಾಕಿದವರು ಸಾಮಾನ್ಯವಾಗಿ ಚೈನ್ ಬಿಗಿಯಾಗಿ ಹಿಡಿದೇ ನಡೆಯುತ್ತಾರೆ. ಪೊಮೇರಿಯನ್, ಪಗ್, ಶಿ ಜು, ಡ್ಯಾಶ್‌ಹಂಡ್ ಸಾಕಿದವರಲ್ಲಿ ಹಲವರು ಗೇಟು ದಾಟಿದ ಕೂಡಲೇ ಬೆಲ್ಟ್ ಬಿಚ್ಚುತ್ತಾರೆ. ಮೊಣಕಾಲೆತ್ತರಕ್ಕೂ ಬಾರದ ಜೀವ ಯಾರಿಗೆ ಏನು ಮಾಡೀತು ಎಂಬ ನಂಬಿಕೆ ಅವರದು. ನಾಯಿಯ ಮೇಲಿನ ಅಕ್ಕರೆಯೂ ಅದರಲ್ಲಿ ಸೇರಿದೆ. ಇಡೀ ದಿನ ಫ್ಲ್ಯಾಟಿನೊಳಗೆ ಕೂತ ಮರಿ ಹತ್ತು ನಿಮಿಷವಾದರೂ ಓಡಾಡಲಿ ಎಂದು ಬಯಸುವುದು ತಪ್ಪಲ್ಲ.

ಆದರೆ ಕಾನೂನು ನಾಯಿಯ ಎತ್ತರವನ್ನು ಅಳೆಯುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಬೆಲ್ಟ್’ ಎಂಬ ಪದವೇ ಇಲ್ಲ. ಇರುವುದು 291ನೇ ಕಲಂ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವವಿದ್ದಾಗ, ಗೊತ್ತಿದ್ದೂ ಅಥವಾ ನಿರ್ಲಕ್ಷ್ಯದಿಂದ ಸಾಕಷ್ಟು ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ ₹5,000ವರೆಗೆ ದಂಡ, ಅಥವಾ ಎರಡೂ ಎಂದು ಅದು ಹೇಳುತ್ತದೆ. ಹಳೆಯ ಐಪಿಸಿಯ 289ನೇ ಕಲಮಿನಲ್ಲಿ ಇದೇ ತಪ್ಪಿಗೆ ದಂಡದ ಮಿತಿ ₹1,000 ಇತ್ತು. ತಳಿ ಯಾವುದು, ತೂಕ ಎಷ್ಟು ಎಂಬ ವಿಂಗಡಣೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಚಿಕ್ಕ ನಾಯಿಯಿಂದ ತೀವ್ರ ಗಾಯ ಹೇಗಾದೀತು ಎಂಬ ಪ್ರಶ್ನೆ ಸಹಜ. ಉತ್ತರ ಸಂಹಿತೆಯ 116ನೇ ಕಲಮಿನಲ್ಲಿದೆ. ಮೂಳೆ ಅಥವಾ ಹಲ್ಲು ಮುರಿದರೆ, ಮುಖದ ಮೇಲೆ ಅಳಿಯದ ಗಾಯ ಉಳಿದರೆ, ಹದಿನೈದು ದಿನ ದೈನಂದಿನ ಕೆಲಸ ಮಾಡಲಾಗದ ಸ್ಥಿತಿ ಬಂದರೆ ಅದು ತೀವ್ರ ಗಾಯ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಪಾರ್ಕಿನಲ್ಲಿ ನಡೆಯುವಾಗ ಪಗ್ ಒಂದು ಪ್ರೀತಿಯಿಂದಲೇ ಕಾಲಿಗೆ ಅಡ್ಡ ಬಂತು ಎನ್ನಿ. ಅವರು ಬಿದ್ದು ಸೊಂಟದ ಮೂಳೆ ಮುರಿದರೆ ನಾಯಿ ಕಚ್ಚಿತೇ, ಮುದ್ದು ಮಾಡಲು ಬಂತೇ ಎಂಬುದರಿಂದ ಗಾಯದ ತೀವ್ರತೆ ಬದಲಾಗುವುದಿಲ್ಲ. ಬೈಕ್ ಸವಾರನ ಚಕ್ರದಡಿಗೆ ನಾಯಿ ನುಗ್ಗಿ ಆತ ರಸ್ತೆಗೆ ಬಿದ್ದರೂ ಹಾಗೆಯೇ. ಗಾಯ ಸಣ್ಣದಾಗಿದ್ದರೂ 125ನೇ ಕಲಂ ಇದೆ. ನಿರ್ಲಕ್ಷ್ಯದ ನಡೆಯಿಂದ ಇನ್ನೊಬ್ಬರಿಗೆ ಗಾಯವಾದರೆ ಆರು ತಿಂಗಳವರೆಗೆ, ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅದರಲ್ಲಿ ಅವಕಾಶವಿದೆ. ಇನ್ನು ಹಲ್ಲು ತಾಗಿ ಚರ್ಮ ಸೀಳಿತೆಂದರೆ ರೇಬಿಸ್ ಭಯ ತಪ್ಪಿದ್ದಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪವಾದ ಆ ರೋಗಕ್ಕೆ ನಾಯಿ ಚಿಕ್ಕದೋ ದೊಡ್ಡದೋ ಎಂಬುದು ಲೆಕ್ಕಕ್ಕಿಲ್ಲ.

ಕಚ್ಚದೆಯೂ ಅನಾಹುತ ಆಗುತ್ತದೆ. 2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಊಟದ ಪಾರ್ಸೆಲ್ ಕೊಡಲು ಹೋದ ಯುವಕನೊಬ್ಬ, ಮನೆಯೊಳಗಿಂದ ಬೊಗಳುತ್ತಾ ನುಗ್ಗಿದ ನಾಯಿಗೆ ಹೆದರಿ ಮೂರನೇ ಮಹಡಿಯಿಂದ ಬಿದ್ದು, ಕೆಲವು ದಿನಗಳಲ್ಲಿ ಪ್ರಾಣ ಬಿಟ್ಟ. ಪೊಲೀಸರು ನಾಯಿಯ ಮಾಲೀಕರ ಮೇಲೆ ಪ್ರಕರಣ ದಾಖಲಿಸಿದರು. ಅದು ದೊಡ್ಡ ನಾಯಿ, ನಿಜ. ಆದರೆ ಹೆದರುವ ಮನಸ್ಸು ನಾಯಿಯ ಗಾತ್ರ ನೋಡಿ ಹೆದರುವುದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕಚ್ಚಿಸಿಕೊಂಡವರಿಗೆ, ಪುಟ್ಟ ಮಕ್ಕಳಿಗೆ, ದೃಷ್ಟಿ ಮಂದವಾದ ಹಿರಿಯರಿಗೆ ಮೂರು ಕೆಜಿಯ ಚಿವಾವಾ ಬೊಗಳುತ್ತಾ ಬಂದರೂ ಎದೆ ಝಲ್ಲೆನ್ನುತ್ತದೆ. ‘ಏನೂ ಮಾಡಲ್ಲ’ ಎಂಬ ಭರವಸೆಯನ್ನು ಒಪ್ಪಿಕೊಳ್ಳಬೇಕಾದ ಹೊಣೆ ಅವರ ಮೇಲಿಲ್ಲ.

ಕೋರ್ಟುಗಳು ಇಂಥ ಪ್ರಕರಣಗಳನ್ನು ಹಗುರವಾಗಿ ತೆಗೆದುಕೊಂಡಿಲ್ಲ. 2010ರಲ್ಲಿ ಮುಂಬೈನಲ್ಲಿ ಸಂಬಂಧಿಕರಿಬ್ಬರ ನಡುವೆ ರಸ್ತೆಯಲ್ಲೇ ಜಗಳ ನಡೆದಿತ್ತು. ನಾಯಿ ಕಾರಿನೊಳಗಿತ್ತು. ಬಾಗಿಲು ತೆರೆಯಬೇಡ ಎಂದರೂ ಮಾಲೀಕ ತೆರೆದ, ರಾಟ್‌ವೀಲರ್ ಹೊರಬಂದು ಎಪ್ಪತ್ತು ದಾಟಿದ ಹಿರಿಯರನ್ನು ಕಚ್ಚಿತು. 2023ರಲ್ಲಿ ಗಿರ್‌ಗಾಂವ್ ಮ್ಯಾಜಿಸ್ಟ್ರೇಟ್ ಕೋರ್ಟ್ ಮಾಲೀಕನಿಗೆ ಮೂರು ತಿಂಗಳ ಜೈಲು ವಿಧಿಸಿತು. ಅದೇ ಊರಿನ ವರ್ಲಿಯಲ್ಲಿ ಮಗು ಹೆದರುತ್ತದೆ, ಒಂದು ನಿಮಿಷ ತಡೆಯಿರಿ ಎಂದರೂ ಕೇಳದೆ ನಾಯಿಯನ್ನು ಲಿಫ್ಟಿನೊಳಗೆ ಎಳೆದು ತಂದವನಿಗೆ 2025ರಲ್ಲಿ ನಾಲ್ಕು ತಿಂಗಳ ಶಿಕ್ಷೆಯಾಯಿತು. ಅಲ್ಲಿ ನಾಯಿ ಮಾಲೀಕನ ಹಿಡಿತದಲ್ಲೇ ಇತ್ತು ಎಂಬುದನ್ನು ಗಮನಿಸಬೇಕು. ಬೆಲ್ಟ್ ಇದ್ದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಎದುರಿನವರು ಬೇಡ ಎಂದಾಗ ನಿಲ್ಲಬೇಕು.

ಇನ್ನೊಂದು ಬದಿ ಇದೆ. ಸಣ್ಣ ನಾಯಿ ಸಾಕಿದವರು ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ಬಿಟ್ಟ ನಾಯಿ ವಾಹನದಡಿ ಸಿಕ್ಕರೆ ಕಾನೂನು ಏನು ಮಾಡುತ್ತದೆ? 2018ರಲ್ಲಿ ಬೆಂಗಳೂರಿನಲ್ಲಿ ಕಾರು ಹರಿದು ಸಾಕುನಾಯಿಯೊಂದು ಸತ್ತಿತು. ಚಾಲಕನ ಮೇಲೆ ಅಡ್ಡಾದಿಡ್ಡಿ ಚಾಲನೆ, ಪ್ರಾಣಿ ಹತ್ಯೆ, ಅಪಘಾತದ ಬಳಿಕ ನಿಲ್ಲದೆ ಹೋದದ್ದು ಎಂದೆಲ್ಲ ಪ್ರಕರಣ ದಾಖಲಾಯಿತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಅಡ್ಡಾದಿಡ್ಡಿ ಚಾಲನೆಯ ಕಲಂ ಮನುಷ್ಯರಿಗೆ ಆಗುವ ಅಪಾಯಕ್ಕೆ ಸಂಬಂಧಿಸಿದ್ದು, ಪ್ರಾಣಿಯನ್ನು ಕೊಂದ ಅಪರಾಧಕ್ಕೆ ಕೇಡಿನ ಉದ್ದೇಶ ಇರಬೇಕು, ಚಾಲಕನಿಗೆ ಆ ನಾಯಿಯ ಮೇಲೆ ಹಗೆ ಏನೂ ಇರಲಿಲ್ಲ ಎಂಬುದು ಕೋರ್ಟಿನ ನಿಲುವು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕೂಡ, ಬೈಕಿಗೆ ಸಿಕ್ಕಿ ಬೀದಿನಾಯಿ ಸತ್ತ ಪ್ರಕರಣದಲ್ಲಿ ಊಟ ತಲುಪಿಸುವ ಯುವಕನ ಮೇಲಿದ್ದ ಎಫ್‌ಐಆರ್ ರದ್ದು ಮಾಡಿತು. ಮನೆಮಗುವಿನಂತೆ ಬೆಳೆಸಿದ ಜೀವ ಕಣ್ಣೆದುರೇ ಹೋದವರಿಗೆ ಈ ತೀರ್ಪುಗಳು ನೋವು ತರುತ್ತವೆ. ಆದರೆ ಸದ್ಯದ ಕಾನೂನು ನಿಂತಿರುವುದು ಅಲ್ಲೇ. ರಸ್ತೆಯಲ್ಲಿ ಸಣ್ಣ ನಾಯಿಯನ್ನು ಉಳಿಸುವುದು ಕೈಯಲ್ಲಿರುವ ಬೆಲ್ಟ್. ಸತ್ತ ಮೇಲೆ ಕ್ರಿಮಿನಲ್ ಕೇಸಿನಿಂದ ನ್ಯಾಯ ಸಿಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಬೀದಿನಾಯಿಗಳ ವಿಷಯವೂ ಹಾಗೆಯೇ. ತಮ್ಮ ಜಾಗಕ್ಕೆ ಬಂದ ಹೊಸ ನಾಯಿಯ ಮೇಲೆ ಹಿಂಡು ಎರಗಿದಾಗ, ಬೆಲ್ಟಿನಲ್ಲಿದ್ದ ಪೊಮೇರಿಯನ್ ಅನ್ನು ಮಾಲೀಕರು ಎತ್ತಿಕೊಂಡು ಹೊರಡಬಹುದು. ಇಪ್ಪತ್ತು ಗಜ ಮುಂದೆ ಓಡಿದ ನಾಯಿಯನ್ನು ತಲುಪುವ ಹೊತ್ತಿಗೆ ತಡವಾಗಿರುತ್ತದೆ.

ಹಾಗೆಂದು ನಾಯಿಯನ್ನು ಸದಾ ಕಟ್ಟಿಹಾಕಿ ಎಂದೂ ಕಾನೂನು ಹೇಳುವುದಿಲ್ಲ. ಹೇಳುವುದು ಅದರ ತದ್ವಿರುದ್ಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದು ಕ್ರೌರ್ಯ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಮಾಲೀಕರು ಸಾಕಷ್ಟು ಓಡಾಡಿಸದಿರುವುದೂ ಅಪರಾಧವೇ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಅರವತ್ತು ವರ್ಷ ಕಳೆದರೂ ಈ ಮೊತ್ತವನ್ನು ಏರಿಸದಿರುವುದು ನಾಚಿಕೆಗೇಡು. ಆದರೂ ಕಾಯ್ದೆಯ ಆಶಯ ಸ್ಪಷ್ಟ: ನಾಯಿ ಓಡಾಡಬೇಕು, ಮಾಲೀಕರ ಹಿಡಿತದಲ್ಲಿ ಓಡಾಡಬೇಕು.

ಬಿಟ್ಟು ಓಡಿಸಲು ಜಾಗವಿಲ್ಲವೆಂದಲ್ಲ. ಗೇಟು ಮುಚ್ಚಿದ ಸ್ವಂತ ಕಾಂಪೌಂಡು, ತೋಟದ ಮನೆಯ ಬೇಲಿಯೊಳಗಿನ ಅಂಗಳ, ಅಪಾರ್ಟ್‌ಮೆಂಟಿನಲ್ಲಿ ನಾಯಿಗಳಿಗೆಂದೇ ಮೀಸಲಿಟ್ಟ ಮೂಲೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವಂಥ ಶ್ವಾನ ಉದ್ಯಾನ ಇವೆಲ್ಲ ಅದಕ್ಕಾಗಿಯೇ ಇವೆ. ಕಬ್ಬನ್ ಪಾರ್ಕಿನ ಉಳಿದ ಭಾಗದಲ್ಲಿ ಬೆಲ್ಟ್ ಇಲ್ಲದೆ ಬಿಡುವ ನಾಯಿಗಳ ಮೇಲೆ, ಎತ್ತದೆ ಬಿಟ್ಟ ಹೊಲಸಿನ ಮೇಲೆ ದೂರುಗಳು ಹೆಚ್ಚಿದ ಕಾರಣ ತೋಟಗಾರಿಕೆ ಇಲಾಖೆ 2022ರಲ್ಲಿ ಸಾಕುನಾಯಿಗಳನ್ನೇ ನಿಷೇಧಿಸಲು ಹೊರಟಿತ್ತು. ಶ್ವಾನಪ್ರಿಯರ ವಿರೋಧದ ಬಳಿಕ ಇಲಾಖೆ ಆ ನಿರ್ಧಾರವನ್ನು ತಡೆಹಿಡಿಯಿತು. ಕೆಲವರು ಬೆಲ್ಟ್ ಬಿಚ್ಚಿದ್ದಕ್ಕೆ ಎಲ್ಲರೂ ಹಕ್ಕು ಕಳೆದುಕೊಳ್ಳುವ ಸ್ಥಿತಿ ಬಂದಿತ್ತು.

ಹಕ್ಕಿನ ಮಾತು ಬಂದಾಗ ಅಪಾರ್ಟ್‌ಮೆಂಟ್ ಸಂಘಗಳಿಗೂ ಒಂದು ವಿಷಯ ಗೊತ್ತಿರಬೇಕು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಬಹುಮತವಿದೆ ಎಂದು ಸಂಘವು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ಸಣ್ಣ ನಾಯಿ ಇರಲಿ, ದೊಡ್ಡದು ಬೇಡ ಎಂಬ ತಾರತಮ್ಯಕ್ಕೂ ಅವಕಾಶವಿಲ್ಲ. ಅದೇ ಮಾರ್ಗಸೂಚಿ, ಎಲ್ಲರೂ ಬಳಸುವ ಜಾಗದಲ್ಲಿ ನಾಯಿಗೆ ಬೆಲ್ಟ್ ಹಾಕಿ ಎಂದು ಮಾಲೀಕರಿಗೆ ಸಲಹೆ ಕೊಡುತ್ತದೆ. ಗಾತ್ರ ನೋಡಿ ಹಕ್ಕು ಕಡಿಮೆ ಮಾಡಬಾರದು ಎಂದಾದರೆ, ಗಾತ್ರ ನೋಡಿ ಹೊಣೆಯನ್ನೂ ಕಡಿಮೆ ಮಾಡಿಕೊಳ್ಳಬಾರದು. ತಳಿ ನೋಡಿ ತೀರ್ಮಾನಿಸುವ ಕೇಂದ್ರದ ಪ್ರಯತ್ನವೂ ಕೋರ್ಟಿನಲ್ಲಿ ಊರ್ಜಿತವಾಗಲಿಲ್ಲ. 23 ತಳಿಗಳನ್ನು ‘ಉಗ್ರ’ ಎಂದು ನಿಷೇಧಿಸಲು ಹೇಳಿದ 2024ರ ಮಾರ್ಚ್ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲಿನಲ್ಲೇ ರದ್ದು ಮಾಡಿತು.

ಬೆಲ್ಟ್ ಎಂದರೆ ಕುತ್ತಿಗೆ ಬಿಗಿಯುವ ಕಬ್ಬಿಣದ ಚೈನೇ ಆಗಬೇಕಿಲ್ಲ. ಪೊಮೇರಿಯನ್, ಪಗ್‌ನಂಥ ತಳಿಗಳ ಶ್ವಾಸನಾಳ ಸೂಕ್ಷ್ಮ. ಕೊರಳಪಟ್ಟಿ ಜಗ್ಗಿದರೆ ಕೆಮ್ಮು, ಉಸಿರಾಟದ ತೊಂದರೆ ಬರಬಹುದು. ಎದೆ ಮತ್ತು ಬೆನ್ನಿಗೆ ಹಾಕುವ ಹಾರ್ನೆಸ್, ಅದಕ್ಕೊಂದು ಹಗುರವಾದ ಬೆಲ್ಟ್ ಇದ್ದರೆ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ದಾರ ವಾಹನ ಓಡಾಡುವ ರಸ್ತೆಗೆ ಸರಿಯಲ್ಲ. ನಾಯಿ ಐದು ಮೀಟರ್ ಮುಂದಿದ್ದರೆ ಅದು ಹಿಡಿತದಲ್ಲಿಲ್ಲ ಎಂದೇ ಲೆಕ್ಕ.

ಇಷ್ಟೆಲ್ಲ ಎಚ್ಚರದ ನಡುವೆಯೂ ನಾಯಿ ಕಚ್ಚಿದರೆ ಮೊದಲ ಕೆಲಸ ಜಗಳವಲ್ಲ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಾಯಿಗೆ ಲಸಿಕೆ ಆಗಿದೆ ಎಂದು ಮಾಲೀಕರು ಹೇಳಿದರೂ ವೈದ್ಯರ ಮಾತೇ ಕೊನೆಯದಾಗಬೇಕು. ವೈದ್ಯರು ಬರೆದ ಅಷ್ಟೂ ಡೋಸ್ ತಪ್ಪದೆ ಹಾಕಿಸಿಕೊಳ್ಳಬೇಕು, ಗಾಯ ಆಳವಾಗಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ. ಆಸ್ಪತ್ರೆಯ ಚೀಟಿ, ಗಾಯದ ಪ್ರಮಾಣಪತ್ರ, ಔಷಧಿ ಬಿಲ್ಲು, ಗಾಯದ ಫೋಟೊ ಎತ್ತಿಡಬೇಕು. ಸಿಸಿಟಿವಿ ದೃಶ್ಯ ಅಳಿಯುವ ಮುನ್ನ ಸಂಘದಿಂದಲೋ ಅಂಗಡಿಯವರಿಂದಲೋ ಕೇಳಿ ಪಡೆಯಬೇಕು.

ನಾಯಿ ಸಾಕಿದವರು ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡರೆ ಸಣ್ಣ ಘಟನೆಯೂ ಠಾಣೆ ಹತ್ತುತ್ತದೆ. ಲಸಿಕೆ ಕಾರ್ಡ್ ತೋರಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಖರ್ಚು ಭರಿಸಿ, ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಿಕೊಳ್ಳುವುದು ಮಾಲೀಕರ ಕರ್ತವ್ಯ. ಸಾಕುನಾಯಿಯ ಲಸಿಕೆಯ ಹೊಣೆ ಮಾಲೀಕರದೇ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಹೇಳುತ್ತವೆ. ಹೆದರಿ ನಾಯಿಯನ್ನು ಊರಾಚೆ ಬಿಟ್ಟುಬರುವುದು ಇನ್ನೊಂದು ಅಪರಾಧ. ಸಿಟ್ಟಿನಲ್ಲಿ ಆ ನಾಯಿಗೆ ವಿಷ ಹಾಕುವವರಿಗೆ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲಾಗಬಹುದು.

ಮಾತಿನಲ್ಲಿ ಬಗೆಹರಿಯದಿದ್ದರೆ ಠಾಣೆಗೆ ಲಿಖಿತ ದೂರು ಕೊಡಬಹುದು. 291ನೇ ಕಲಂ ಸಂಜ್ಞೇಯ ಅಪರಾಧ. ಎಂದರೆ ಮ್ಯಾಜಿಸ್ಟ್ರೇಟರ ಅನುಮತಿಗೆ ಕಾಯದೆ ಪೊಲೀಸರು ಎಫ್‌ಐಆರ್ ದಾಖಲಿಸಬಹುದು. ಜಾಮೀನು ಸಿಗುವ ಅಪರಾಧವಾದ್ದರಿಂದ ನಾಯಿಯ ಮಾಲೀಕರೂ ಗಾಬರಿಪಡಬೇಕಿಲ್ಲ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ, ಕ್ರಿಮಿನಲ್ ಪ್ರಕರಣಗಳ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮಿನಂತೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಆಮೇಲೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಶಿಕ್ಷೆಯಾದಾಗ ದಂಡದ ಹಣದಿಂದ ಗಾಯಾಳುವಿಗೆ ಪರಿಹಾರ ಕೊಡಿಸುವ ಅಧಿಕಾರ ಸುರಕ್ಷಾ ಸಂಹಿತೆಯದೇ 395ನೇ ಕಲಮಿನಡಿ ಕೋರ್ಟಿಗಿದೆ. ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳ ದೊಡ್ಡದಿದ್ದರೆ ಸಿವಿಲ್ ದಾವೆಯ ದಾರಿ ಬೇರೆ ಇದೆ.

ವಕೀಲರ ಶುಲ್ಕಕ್ಕೆ ಅಂಜಿ ಸುಮ್ಮನಾಗಬೇಕಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಪ್ರಾಧಿಕಾರದ ಕಚೇರಿ ಪ್ರತಿ ಜಿಲ್ಲಾ ಕೇಂದ್ರದಲ್ಲಿದೆ, ಸಹಾಯವಾಣಿ ಸಂಖ್ಯೆ 15100.